ಪಂಪು ಆರಿಸಿದ ಮೂಗು

ಅರವತ್ತಮೂರನೇ ಇಸವಿಯಲ್ಲಿ ನಾನೂ ನನ್ನ ನಾದಿನಿ ವೆರೊನಿಕಾಳೂ ಮಲ್ಪೆಯಲ್ಲಿ ಮೀನಿನ ಲಾರಿ ತೊಳೆಯುತ್ತಿದ್ದೆವು. ಎರಡು ಕೊಡಪಾನ, ತೆಂಗಿನ ಸಿಪ್ಪೆ, ಸ್ವಲ್ಪ ವಾಷಿಂಗ್ ಸೋಡಾ, ಇಷ್ಟೇ ನಮ್ಮ ಸಾಮಾನು. ತೊಳೆದ ಲಾರಿ ಮರುದಿನ ಮತ್ತೆ ಮೀನನ್ನೇ ಹೊರುತ್ತಿದ್ದುದರಿಂದ ವಾಸನೆಯ ವಿಷಯ ಯಾರೂ ಎತ್ತಿದವರಲ್ಲ.

ಎತ್ತಿದ್ದು ತಾರಾನಾಥ ಸಾಹುಕಾರರು. ಅವರ ಮೂರು ಲಾರಿಗಳಿಂದಲೇ ನಮ್ಮ ಒಲೆ ಉರಿಯುತ್ತಿತ್ತು.

"ಮಧ್ಯಾಹ್ನದ ಮೇಲೆ ಲಾರಿ ಸುಮ್ಮನೆ ನಿಲ್ಲುತ್ತದೆ ಬಾಯಮ್ಮ. ಕಾರ್ಕಳದಿಂದ ಉಡುಪಿಗೆ ಅಕ್ಕಿ ತರುವ ಅಂದಾಜು ಉಂಟು. ಅಲ್ಲಿಯ ವ್ಯಾಪಾರಿ ಒಮ್ಮೆ ಮೂಸಿ ನೋಡಿ ವಾಪಸು ಕಳಿಸಿದ. ಬರುವ ಶನಿವಾರ ಇನ್ನೊಂದು ಸಲ ನೋಡುತ್ತಾನಂತೆ. ಅವತ್ತೂ ಬೇಡ ಎಂದರೆ ತೊಳೆಯಲಿಕ್ಕೆ ಬೇರೆ ಜನ ಮಾಡಬೇಕಾಗುತ್ತದೆ. ಬೇಸರ ಮಾಡಬೇಡಿ."

ಕೈಯಿಂದ ಉಜ್ಜಿದರೆ ಹೋಗುವ ವಾಸನೆ ಅದಲ್ಲ ಎಂದು ಇಬ್ಬರಿಗೂ ಅನ್ನಿಸಿತು. ಪಂಪು ಬೇಕು. ಉಡುಪಿಯ ರಾಮದಾಸರ ಅಂಗಡಿಯಲ್ಲಿ ಎರಡು ಬಗೆಯವು ಇದ್ದವು. ಒಂದು ಸೀಮೆಎಣ್ಣೆಯ ಎಂಜಿನಿನದು. ಇನ್ನೊಂದು ತೋಟದಲ್ಲಿ ಮದ್ದು ಸಿಂಪಡಿಸುವ ಕೈಪಂಪು. ಒಬ್ಬರು ಉದ್ದ ಹಿಡಿಕೆಯನ್ನು ಹಿಂದೆ ಮುಂದೆ ಜಗ್ಗುತ್ತಿರಬೇಕು, ಇನ್ನೊಬ್ಬರು ಕೊಳವೆ ಹಿಡಿಯಬೇಕು.

"ಎಂಜಿನ್ ತೆಗೆದುಕೊಳ್ಳಿ. ಇದರ ನೀರು ಕಲ್ಲನ್ನೂ ಕೊರೆಯುತ್ತದೆ," ಎಂದರು ರಾಮದಾಸರು.

"ನಮಗೆ ಕಲ್ಲು ಕೊರೆಯಲಿಕ್ಕಿಲ್ಲ ಅಲ್ವಾ?" ಎಂದೆ.

"ಅತ್ತಿಗೆ, ನೀನು ಸುಮ್ಮನಿರು," ಎಂದಳು ವೆರೊನಿಕಾ. ಹತ್ತು ವರ್ಷ ನೀರು ಸೇದಿ ಅವಳ ಬಲಭುಜ ಹೋಗಿತ್ತು. ಅವಳ ಕಣ್ಣು ಎಂಜಿನಿನ ಮೇಲೆಯೇ ಇತ್ತು.

ಆದರೆ ಅಷ್ಟು ಜೋರಿನ ನೀರು ಮರಕ್ಕೆ ಎಂತ ಮಾಡುತ್ತದೆ ಎಂದು ನನಗೆ ತಿಳಿಯಬೇಕಿತ್ತು. ರಿಪೇರಿಗೆ ಬಿಚ್ಚಿ ಬಿಸಾಡಿದ ಲಾರಿಯ ಹಲಗೆಗಳಲ್ಲಿ ಮೂರನ್ನು ಆರಿಸಿ, ಗೋಣಿಯಲ್ಲಿ ಸುತ್ತಿ, ಮರುದಿನ ಉಡುಪಿಯ ಬಸ್ಸು ಹತ್ತಿದೆವು.

"ಬಾಯಮ್ಮ, ಮೀನಿಗೆ ಬೇರೆ ಟಿಕೇಟು," ಎಂದ ಕಂಡಕ್ಟರ್.

"ಮೀನಲ್ಲ, ಹಲಗೆ."

"ಅದನ್ನು ಹಲಗೆಗೆ ಹೇಳಿ," ಎಂದು ಅವನು ಗೋಣಿಯನ್ನು ಬಸ್ಸಿನ ತಲೆಯ ಮೇಲೆ ಹಾಕಿಸಿದ.

ಅಂಗಡಿಯ ಹಿತ್ತಿಲಲ್ಲಿ ಮೂರಕ್ಕೂ ಸೋಡಾ ಹಚ್ಚಿ, ಒಂದು ಹಲಗೆಯನ್ನು ಎಂಜಿನಿನಿಂದ, ಇನ್ನೊಂದನ್ನು ಕೈಪಂಪಿನಿಂದ, ಮೂರನೆಯದನ್ನು ನಮ್ಮ ಸಿಪ್ಪೆಯಿಂದ ತೊಳೆದೆವು. ಎಂಜಿನಿನ ನೀರು ಬಿದ್ದದ್ದೇ ಒಣಗಿದ ಮೀನಿನ ಪೊರೆಗಳು ಹಾರಿ ರಾಮದಾಸರ ಕನ್ನಡಕಕ್ಕೆ ಅಂಟಿದವು. ಕೈಪಂಪಿಗೆ ಮೂರು ಪಟ್ಟು ಹೊತ್ತು ಬೇಕಾಯಿತು. ಬಿಸಿಲಿಗೆ ಒಣಗಿಸಿ ಮೂಸಿದೆವು. ಮೂರೂ ಒಂದೇ. ನನಗೂ ವಾಸನೆ ಹತ್ತಲಿಲ್ಲ, ವೆರೊನಿಕಾಳಿಗೂ ಇಲ್ಲ.

"ನಿಮಗೆ?" ಎಂದು ರಾಮದಾಸರನ್ನು ಕೇಳಿದೆ.

"ನನಗೆ ಸೀಮೆಎಣ್ಣೆ ಬಿಟ್ಟು ಬೇರೆ ವಾಸನೆ ಹತ್ತದೆ ಎಷ್ಟೋ ಕಾಲವಾಯಿತು," ಎಂದರು ಅವರು.

ಆಗ ನನಗೆ ಹೊಳೆಯಿತು. ಹುಟ್ಟಿದಲ್ಲಿಂದ ಮೀನಿನ ಗಾಳಿ ಕುಡಿದ ನಮ್ಮ ಮೂಗಿಗೆ ಮೀನು ತಿಳಿಯುವುದು ಹೇಗೆ? ಬೇರೆ ಮೂಗು ಬೇಕು. ರಾತ್ರಿಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದ ವೇದಾವತಿ ಟೀಚರ್ ಮನೆ ಮಣಿಪಾಲದ ದಾರಿಯಲ್ಲಿತ್ತು. ಆ ಮನೆಯೊಳಗೆ ನೀರುಳ್ಳಿ ಸಹ ಹೋಗುತ್ತಿರಲಿಲ್ಲ.

ವಿಷಯ ಕೇಳಿ ಟೀಚರ್ ನಗಲೂ ಇಲ್ಲ, ಬಯ್ಯಲೂ ಇಲ್ಲ. ಅಂಗಳದ ಆಚೆ ತುದಿಯಲ್ಲಿ ಹಲಗೆ ಇಡಿಸಿದರು.

"ಯಾವುದು ಯಾವುದರದ್ದೆಂದು ಹೇಳಬೇಡ. ಗುರುತನ್ನು ಅಡಿಗೆ ಹಾಕು."

ಮೊದಲನೆಯದಕ್ಕೆ ಬಗ್ಗಿ, "ಇದು ಮೀನು. ಸಂಶಯ ಇಲ್ಲ," ಎಂದರು. ಎರಡನೆಯದರ ಹತ್ತಿರ ಬಹಳ ಹೊತ್ತು ಕೂತರು. "ಮರ. ಸೋಡಾ. ಮೀನು ಬಂದು ಹೋದ ಹಾಗೆ ಉಂಟು, ಆದರೆ ಹೋಗಿದೆ." ಮೂರನೆಯದಕ್ಕೆ ಮುಖ ಹತ್ತಿರ ಒಯ್ದದ್ದೇ ಸೆರಗು ಮೂಗಿಗೆ ಬಂತು. "ಇದನ್ನು ಆಚೆ ತೆಗೆ ಮಾರಾಯ್ತಿ."

ಹಲಗೆ ಮಗುಚಿ ನೋಡಿದೆ. ಮೊದಲನೆಯದು ಸಿಪ್ಪೆಯದು. ಎರಡನೆಯದು ಕೈಪಂಪಿನದು. ಆಚೆ ತೆಗೆಯಬೇಕಾದದ್ದು ಎಂಜಿನಿನದು.

"ಅದು ಹೇಗೆ? ಎಲ್ಲಕ್ಕಿಂತ ಚೊಕ್ಕ ಕಂಡದ್ದು ಅದೇ," ಎಂದಳು ವೆರೊನಿಕಾ.

ಟೀಚರ್ ಆ ಹಲಗೆಯ ಮೇಲೆ ಉಗುರು ಎಳೆದರು. ಮರದ ನಾರು ಎದ್ದು ತರಚಿದ ಚರ್ಮದ ಹಾಗಿತ್ತು. ಚೊಂಬು ತಂದು ಎರಡೂ ಹಲಗೆಗಳ ಮೇಲೆ ಒಂದೊಂದು ತೊಟ್ಟು ನೀರು ಬಿಟ್ಟರು. ಕೈಪಂಪಿನ ಹಲಗೆಯ ಮೇಲೆ ತೊಟ್ಟು ಉರುಳಿ ಅಂಚಿನಿಂದ ಬಿತ್ತು. ಎಂಜಿನಿನ ಹಲಗೆ ಅದನ್ನು ಅಲ್ಲಿಯೇ ಕುಡಿಯಿತು.

"ನೀರಿನ ಜೋರಿಗೆ ಮೇಲಿನ ಮೀನು ಹಾರಿತು, ಮೀನಿನ ನೀರು ಮರದ ಹೊಟ್ಟೆಗೆ ಹೋಯಿತು," ಎಂದರು. ಇನ್ನೊಂದು ತೊಟ್ಟು ಬಿಟ್ಟು ನೋಡಿದರು. ಮತ್ತೊಂದು ಬಿಟ್ಟರು.

"ವೇದಾ, ಮಿಂದೇ ಒಳಗೆ ಬಾ," ಎಂದು ಅವರ ಅತ್ತೆಯ ಸ್ವರ ಒಳಗಿಂದ ಬಂತು.

"ಬಂದೆ," ಎಂದ ಟೀಚರ್ ನಾಲ್ಕನೇ ತೊಟ್ಟಿಗೆ ಚೊಂಬು ಬಗ್ಗಿಸಿದರು.

ವೆರೊನಿಕಾ ರಾಮದಾಸರ ಅಂಗಡಿಯ ಮೆಟ್ಟಿಲಲ್ಲಿ ನಿಂತು, "ಆಯಿತು, ಕೈಪಂಪು. ಜಗ್ಗುವುದು ನಾನಲ್ಲ," ಎಂದಳು.

ಶುಕ್ರವಾರ ನಾನೇ ಜಗ್ಗಿದೆ. ಅವಳು ಕೊಳವೆಯನ್ನು ನೇರ ಹಿಡಿಯದೆ ಹಲಗೆಗೆ ಓರೆಯಾಗಿ, ನಾರು ಓಡುವ ದಿಕ್ಕಿಗೆ ಹಿಡಿಯುವುದನ್ನು ತಾನಾಗಿ ಕಂಡುಕೊಂಡಳು. ಶನಿವಾರ ತಾರಾನಾಥರ ಜೊತೆ ಇಬ್ಬರೂ ಲಾರಿಯಲ್ಲೇ ಕಾರ್ಕಳಕ್ಕೆ ಹೋದೆವು.

ವ್ಯಾಪಾರಿ ಬರಿಗಾಲಲ್ಲಿ ಲಾರಿ ಹತ್ತಿದ. ನಡುವೆ ಮೂಸಿದ, ಸಂದುಗಳಲ್ಲಿ ಮೂಸಿದ, ಹಿಂದಿನ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಎರಡು ಸಲ ಮೂಸಿದ. ಬೀಡಿ ಹಚ್ಚಲು ಹೊರಟ ತಾರಾನಾಥರು ಅದನ್ನು ಮತ್ತೆ ಜೇಬಿಗೆ ಹಾಕಿದರು.

"ಈ ಮೂಲೆಯಲ್ಲಿ ಎಂತದೋ ಸ್ವಲ್ಪ ಉಂಟು," ಎಂದ ವ್ಯಾಪಾರಿ. "ಇಲ್ಲಿ ಬಿಟ್ಟು ಉಳಿದ ಕಡೆ ತುಂಬಿಸಿ. ಉಡುಪಿಯವರು ಉಂಡು ಹೇಳಲಿ."

ಮೂಟೆ ಹೊರುವವರು ಎದ್ದರು. ತಾರಾನಾಥರು ನಮ್ಮ ಕಡೆ ತಿರುಗಿ, "ಸೋಮವಾರ ಇನ್ನೊಂದು ಲಾರಿಯನ್ನೂ ಹೀಗೆಯೇ ಮಾಡಿ," ಎಂದರು.

ವೆರೊನಿಕಾ ಆ ಮೂಲೆಯನ್ನೇ ನೋಡುತ್ತಿದ್ದಳು. "ಅಲ್ಲಿಗೆ ನೀರು ತಾಗಲಿಲ್ಲ ಅತ್ತಿಗೆ. ನಿನ್ನ ಜಗ್ಗು ಸಾಲಲಿಲ್ಲ," ಎಂದಳು. "ಸೋಮವಾರ ಸ್ವಲ್ಪ ಹೊತ್ತು ನಾನು ಜಗ್ಗುತ್ತೇನೆ, ಎಡಗೈಯಲ್ಲಿ."