ಬಿರುಕಿಗೆ ಕಾಂಕ್ರೀಟು

೧.
ಕಥೆಯನ್ನು ಸಮುದ್ರದ ತಳದಿಂದ ಶುರುಮಾಡಲೋ, ಬಸರೀಕಟ್ಟೆಯ ಗುಡ್ಡದಿಂದಲೋ? ತಳದಿಂದ ಬರೆದ ಡ್ರಾಫ್ಟನ್ನು ಹರಿದು ಹಾಕಿದೆ. (ಪಾಂಡಿತ್ಯ ಜಾಸ್ತಿಯಾಗಿ ನನಗೇ ತೂಕಡಿಕೆ ಬಂತು.)

೨.
ಮೇಘನ ಕಡಲ ನಡುವಿನ ಬೆಟ್ಟಸಾಲುಗಳ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದಾಳೆ. ಅಲ್ಲಿ ಕಡಲತಳವನ್ನು ಎರಡೂ ಕಡೆಯಿಂದ ಜಗ್ಗುವ ಎಳೆತವಿದೆ. ಬಿರಿದಲ್ಲಿಗೆ ಕೆಳಗಿನಿಂದ ಕುದಿಯುವ ಶಿಲಾಪಾಕ ನುಗ್ಗಿ ತುಂಬಿದರೆ ಎಳೆತ ಇಳಿಯುತ್ತದೆ. ಅದು ಸಾಲದಿದ್ದರೆ ನೆಲ ಸೀಳಿ ಒಂದು ಬದಿ ಜಾರಿಬಿಡುತ್ತದೆ. ರಜೆಗೆ ಬಂದವಳು ಇದನ್ನೆಲ್ಲ ಅಪ್ಪ ಸೋಮಶೇಖರಪ್ಪನವರಿಗೆ ಉತ್ಸಾಹದಿಂದ ವಿವರಿಸಿದಳು. ಅವರ ತೋಟದ ಆಳುಗಳ ಲೈನ್ ಮನೆಗಳ ಮೇಲಿನ ಗುಡ್ಡ ಬಿರುಕು ಬಿಟ್ಟಿದೆಯೆಂದು ಹೇಳಲು ಬಂದಿದ್ದ ಆಳು ಕರಿಯಣ್ಣ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ.

"ಹಂಗಾರೆ ತುಂಬಿದ್ರೆ ಜಾರದಿಲ್ಲ ಅನ್ನು," ಎಂದರು ಅಪ್ಪ.

"ಹೂಂ ಅಪ್ಪ, ಜಾರಲ್ಲ."

ಅವಳು ಹೇಳಿದ್ದು ಸಮುದ್ರದ ಮಾತು.

೩.
ಮರುದಿನವೇ ಕೊಪ್ಪದಿಂದ ಸಿಮೆಂಟು ಬಂತು. ಗುಡ್ಡದ ಬಿರುಕು ಮುಚ್ಚಿತು. ಲೈನ್ ಬಿಡಲು ಗಂಟು ಕಟ್ಟಿದ್ದ ಕರಿಯಣ್ಣ ಗಂಟು ಬಿಚ್ಚಿದ.

ಮೇಘನಳಿಗೆ ಇದು ಗೊತ್ತಾದದ್ದು ಇವತ್ತು, ವಾರವಿಡೀ ಮಳೆ ಸುರಿದ ಮೇಲೆ, ಕಾಂಕ್ರೀಟಿನ ಪಕ್ಕದಲ್ಲೇ ಹೊಸ ಬಿರುಕು ಕಂಡಾಗ. ಕಡಲಿನಲ್ಲಿ ತುಂಬುವುದು ಒಳಗಿನಿಂದ ಒತ್ತುವ ಬೆಂಕಿ. ಇಲ್ಲಿ ಸಡಿಲ ಮಣ್ಣಿನ ತಲೆಯ ಮೇಲೆ ಇನ್ನಷ್ಟು ಭಾರ ಹೇರಿದ್ದಾರೆ, ಅಷ್ಟೆ.

೪.
ಮುಕ್ತಾಯ ಒಂದು: ಗುಡ್ಡ ನಿಂತಿತು.

(ಮೇಘನ ನನ್ನ ಮೇಲೆ ರೇಗಿದಳು: "ಸುಳ್ಳು ಬರೀಬೇಡ ಮಾರಾಯ. ಗುಡ್ಡ ಪೂರ್ತಿ ನೀರು ಕುಡಿದಿದೆ.")

ಮುಕ್ತಾಯ ಎರಡು: ಗುಡ್ಡ ಕುಸಿಯಿತು. ಪೇಪರಿನಲ್ಲಿ ಫೋಟೋ ಬಂತು.

("ಅದನ್ನ ಬರೆದ್ರೆ ನಿನ್ನ ಸುಮ್ನೆ ಬಿಡಲ್ಲ.")

ಮೂರನೆಯದನ್ನು ನಾನು ಯೋಚಿಸುವಷ್ಟರಲ್ಲಿ ಅವಳು ಲೈನಿಗೆ ಓಡಿಯಾಗಿತ್ತು.

೫.
"ಕರಿಯಣ್ಣ, ನಾನು ಹೇಳಿದ್ದು ಈ ಗುಡ್ಡಕ್ಕಲ್ಲ! ಎಲ್ರೂ ಈಗ್ಲೇ ಹೊರಡಿ."

ಕರಿಯಣ್ಣ ನಕ್ಕ. "ಎಂತ ಅಮ್ಮ ಹಿಂಗಂತೀರಿ? ನಿಮ್ಮ ಮಾತಿನ ಧೈರ್ಯದ ಮೇಲೇ ಮಗಳನ್ನ ಬಾಣಂತನಕ್ಕೆ ಇಲ್ಲಿಗೆ ಕರ್ಕಂಡು ಬಂದೆ. ಕೂಸು ಈಗಷ್ಟೇ ಮಲಗ್ಯದೆ."

(ಈ ಬಾಣಂತಿಯನ್ನು ನಾನು ಕಥೆಗೆ ಕರೆದಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ.)

ಮೇಘನ ಒಳಗೆ ನುಗ್ಗಿ ಕೂಸನ್ನು ಎತ್ತಿಕೊಂಡಳು. ಬಾಣಂತಿ ಬಾಗಿಲಿಗೆ ಅಡ್ಡ ನಿಂತಳು.

"ಕೊಡಿ ಅಮ್ಮ ನನ್ನ ಕೂಸು. ಅವತ್ತೊಂದು ಹೇಳ್ತೀರಿ, ಇವತ್ತೊಂದು ಹೇಳ್ತೀರಿ. ಯಾವುದನ್ನ ನಂಬನ ನಾವು?"

ಮೇಘನ ಕೂಸನ್ನು ಎದೆಗವಚಿಕೊಂಡು ನನ್ನ ಕಡೆ ತಿರುಗಿದಳು.

೬.
ಬಾಣಂತಿ ಪಕ್ಕಕ್ಕೆ ಸರಿದಳು ಎಂದು ಬರೆದೆ. ಸರಿಯಲಿಲ್ಲ. ಅಳಿಸಿ ಮತ್ತೆ ಬರೆದೆ. ಸರಿಯಲಿಲ್ಲ.

ಓದುಗರೇ, ನೀವಾದರೂ ಅವಳಿಗೆ ಒಮ್ಮೆ ಹೇಳಿ ನೋಡಿ.