ಹಸಿ ಬಣ್ಣಕ್ಕೆ ಗೋಮೂತ್ರ

“ಕೈ ತಗಿ ಲೇ, ಬೋಸುಡಿಮಗನ! ಪೂಜಿ ಆದ ಗಾಡಿ ಅದು.”

ಕಾರಿನ ಒಡೆಯ ಸೂರ್ಯಕಾಂತ ಸಾವುಕಾರ ಗದರಿದ್ದಕ್ಕೆ, ಬಾನೆಟ್ಟಿನ ಮೇಲಿಟ್ಟ ಕೈಯನ್ನು ದತ್ತು ಹಿಂದಕ್ಕೆ ಎಳೆದುಕೊಂಡ. ಹುಮನಾಬಾದಿನ ನಸೀರನ ಗ್ಯಾರೇಜಿನಲ್ಲಿ ಈ ಕಾರಿನ ತುಕ್ಕು ಕೆರೆದವನು ಅವನು. ನಗ್ಗಿದ ತಗಡನ್ನು ಬಡಿದು ಎಬ್ಬಿಸಿ, ತಗ್ಗು ತುಂಬಲು ಪುಟ್ಟಿ ಬಳಿದು, ಅಂಗೈ ಜೋಮು ಹಿಡಿಯುವ ತನಕ ಉಜ್ಜಿದವನೂ ಅವನೇ. ಆಗೆಲ್ಲ ಗಾಡಿಗೆ ಮೈಲಿಗೆ ತಟ್ಟಿರಲಿಲ್ಲ. ಬಿಳಿ ಬಣ್ಣ ಹೊಳೆಯತೊಡಗಿದ ಮೇಲೆ ತಟ್ಟಿತು.

ಸಂಜೆ ಬಸವಕಲ್ಯಾಣದ ಬೀಗರು ಸಾವುಕಾರನ ಮಗಳನ್ನು ನೋಡಲು ಬರುವವರಿದ್ದರು. ಹೊಲೆಯನ ಕೈಯಾಡಿದ ಗಾಡಿ ಅವರೆದುರು ಹಾಗೇ ನಿಲ್ಲಬಾರದಲ್ಲ. ಸಾವುಕಾರ ಬೆಳಗಾಗುತ್ತಲೇ ಪೂಜಾರಿಯನ್ನು ಗ್ಯಾರೇಜಿಗೆ ಕರೆತಂದಿದ್ದ.

“ಹಸಿ ಬಣ್ಣ ಅದರಿ, ನೀರು ಬೀಳಬಾರ್ದ್ರಿ,” ಎಂದಿದ್ದ ದತ್ತು.

“ಬಾಯಿ ಮುಚ್ಚು. ಪೂಜಿ ನೀ ಕಲಿಸ್ತಿ ಏನು?” ಎಂದಿದ್ದ ಸಾವುಕಾರ.

ಪೂಜಾರಿ ಗೋಮೂತ್ರ ಚಿಮುಕಿಸಿದ. ಸಾಲದೆಂಬಂತೆ ಸಾವುಕಾರ ತಂಬಿಗೆಯನ್ನೇ ಬಾನೆಟ್ಟಿನ ಮೇಲೆ ಬಗ್ಗಿಸಿದ. ಬಿಸಿಲೇರಿದಾಗ ಅಲ್ಲಿನ ಬಣ್ಣವೆಲ್ಲ ಬೊಬ್ಬೆ ಎದ್ದಿತು. ಅದನ್ನು ನೋಡಲು ಹೋಗಿಯೇ ದತ್ತು ಈಗ ಬೈಸಿಕೊಂಡದ್ದು.

ಬೊಬ್ಬೆ ಸಾವುಕಾರನ ಕಣ್ಣಿಗೂ ಬಿತ್ತು. ಕೈಯಿಂದ ಹೊಡೆದರೆ ಮುಟ್ಟಿದಂತಾಗುತ್ತದಲ್ಲ, ಚಪ್ಪಲಿ ತೆಗೆದು ಹೊಡೆದ.

“ಬೇಕಂತಲೇ ಖರಾಬ್ ಬಣ್ಣ ಹೊಡದಾನ ಹಲ್ಕಟ್. ಮೂಗು ತಿಕ್ಕಸು ಇವನ್ನ, ನಸೀರ.”

ನಸೀರ ನೆಲ ನೋಡಿದ. “ತಿಕ್ಕಿಬಿಡು ದತ್ತು. ಹಳೇ ಗಿರಾಕಿ ಅದಾರ.”

ದತ್ತು ಮಂಡಿಯೂರಿ, ಎಣ್ಣೆ ಕುಡಿದ ನೆಲಕ್ಕೆ ಮೂಗು ತಿಕ್ಕಿದ. ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ಮೂಗು ಬೇರೆ ಯಾರದೋ ಅನ್ನಿಸಿತು.

“ಸಂಜಿಗಿ ತಯಾರ್ ಇರಬೇಕು,” ಎಂದು ಸಾವುಕಾರ ಬೈಕು ಹತ್ತಿ ಮಾಣಿಕನಗರದ ಕಡೆ ಹೋದ.

ದತ್ತು ಗ್ರೈಂಡರ್ ಹಿಡಿದು ಬಾನೆಟ್ಟಿನ ಬಣ್ಣ ತೆಗೆದ. ಅಲ್ಲಿಗೆ ನಿಲ್ಲಿಸಲಿಲ್ಲ. ಬೊಬ್ಬೆಯೇ ಏಳದ ಬಾಗಿಲುಗಳನ್ನೂ ಬರಿ ತಗಡು ಕಾಣುವ ತನಕ ಕೆರೆದ. ಪುಟ್ಟಿ ಪುಡಿಯಾಗಿ ಹಾರಿ ಅವನ ರೆಪ್ಪೆಗಳ ಮೇಲೆ ಕೂತಿತು.

“ಏ ಪಾಗಲ್! ಏನ್ ಮಾಡಾಕತ್ತಿ?” ನಸೀರ ಓಡಿ ಬಂದ.

“ನನ್ನ ಕೈ ಆಡಿದ್ದೆಲ್ಲಾ ತಗ್ಯಾಕತ್ತೀನ್ರಿ, ನಸೀರ್ ಭಾಯ್.”

“ನೌಕರಿ ಹೋಗ್ತದ ಲೇ! ರೆಡ್ ಆಕ್ಸೈಡ್ ಆದ್ರೂ ಹಚ್ಚು, ತುಕ್ಕು ಹಿಡಿತದ!”

ದತ್ತು ಬಕೆಟ್ಟು ಎತ್ತಿ ನೀರನ್ನೆಲ್ಲ ಕಾರಿನ ಮೇಲೆ ಸುರಿದ. ಒರೆಸಲಿಲ್ಲ. ಒಬ್ಬನೇ ನೂಕಿಕೊಂಡು ಹೋಗಿ ಗಾಡಿಯನ್ನು ರಸ್ತೆಯ ಅಂಚಿಗೆ, ಹೋಗಿಬರುವವರೆಲ್ಲ ನೋಡುವಲ್ಲಿ ನಿಲ್ಲಿಸಿದ.

ಸಾವುಕಾರನ ಬೈಕು ತಿರುಗಿ ಬರುವಾಗ ತಗಡಿನ ಮೇಲೆ ಕೆಂಪು ತುಕ್ಕು ಏಳುತ್ತಿತ್ತು. ದತ್ತು ಡ್ರೈವರ್ ಸೀಟಿನಲ್ಲಿ ಕೂತು, ಒಳಗಿನಿಂದ ಬಾಗಿಲು ಹಾಕಿಕೊಂಡ; ಇಳಿಸಬೇಕೆಂದರೆ ಇನ್ನು ಮುಟ್ಟಿಯೇ ಇಳಿಸಬೇಕು.