ಒಗೆದ ಸ್ವೆಟರು

"ಯಾರೇ ಇದನ್ನ ಒಗೆದಿದ್ದು?"

ಡ್ರೀಕಾ ಕಂದು ಸ್ವೆಟರನ್ನು ಮೂಗಿಗೆ ಹಿಡಿದು ಕೂಗಿದಳು. ಗುಲಾಬಿ ಸಾಬೂನಿನ ಪರಿಮಳ ಘಮ್ಮೆಂದು ಬಡಿಯಿತು. ಒಲೆಯ ಮುಂದೆ ಮೆಕ್ಕೆಜೋಳದ ಗಂಜಿ ತಿರುವುತ್ತಿದ್ದ ಮೀಟಾ, ಅವಳ ತಮ್ಮನ ಹೆಂಡತಿ, ಬೆಚ್ಚಿಬಿದ್ದಳು.

"ನಾನೇ ಅತ್ತಿಗೆ. ಹೋತದ ಥರ ನಾರ್ತಿತ್ತು. ಇವತ್ತು ಸಾಹೇಬ್ರು ಬರ್ತಾರಲ್ಲ, ನೀಟಾಗಿ ಕಾಣ್ಲಿ ಅಂತ..."

"ಸಾಹೇಬ್ರಿಗೆ ತೋರ್ಸೋಕೆ ಹಾಕ್ಕೋತೀನೇನೇ ನಾನಿದನ್ನ? ಮೀರ್‌ಕ್ಯಾಟ್‌ಗಳಿಗೆ ಕಣೇ, ಪುಣ್ಯಾತ್ಗಿತ್ತಿ!"

ನಾಲ್ಕು ತಿಂಗಳಿಂದ ಕಾಲಹಾರಿ ಮರುಭೂಮಿಯ ಆ ಕೆಂಪು ದಿಬ್ಬದ ಬಿಲದ ಮುಂದೆ ಡ್ರೀಕಾ ದಿನಾ ಕೂರುತ್ತಿದ್ದಳು. ಅದೇ ಸ್ವೆಟರು, ಅದೇ ವಾಸನೆ, ಗಂಟಲಲ್ಲಿ ಅದೇ ಗುನುಗು. ಮುಂಗುಸಿ ಜಾತಿಯ ಈ ಕಾಡು ಮೀರ್‌ಕ್ಯಾಟ್‌ಗಳ ಹಿಂಡಿಗೆ ಮನುಷ್ಯರ ಭಯ ಬಿಡಿಸುವುದು ಹಾಗೆಯೇ. ಮೊದಲು ನೂರು ಹೆಜ್ಜೆ ದೂರವೇ ಉಳಿಯುತ್ತಿದ್ದ ಹಿಂಡು ಈಗ ಐದು ಹೆಜ್ಜೆ ಹತ್ತಿರಕ್ಕೆ ಬಂದಿತ್ತು. ಆದರೆ ಒಂದೂ ತಕ್ಕಡಿ ಹತ್ತಿರಲಿಲ್ಲ, ತೂಕ ಸಿಗದಿದ್ದರೆ ಸಂಶೋಧನೆಯವರಿಗೆ ಆ ಹಿಂಡು ಬೇಡ. "ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು ಡ್ರೀಕಾ," ಎಂದಿದ್ದರು ಸಂಶೋಧನೆಯ ಮುಖ್ಯಸ್ಥ ರೂಲೊಫ್ ಸಾಹೇಬರು. "ಶುಕ್ರವಾರ ಒಂದಾದ್ರೂ ತೂಕ ಬರ್ದು ಕೊಡು. ಇಲ್ಲಾಂದ್ರೆ ಬೇರೆ ಕೆಲಸ ನೋಡ್ಕೋ."

ಇವತ್ತು ಶುಕ್ರವಾರ. ಡ್ರೀಕಾಗೆ ಅಳು ಬಂತು, ಅದರ ಹಿಂದೆಯೇ ಹಟವೂ ಬಂತು. ಸ್ವೆಟರು, ಬೇಯಿಸಿದ ಮೊಟ್ಟೆ, ಅಂಕಿ ತೋರಿಸುವ ಚಪ್ಪಟೆ ತಕ್ಕಡಿ ಚೀಲಕ್ಕೆ ಹಾಕಿಕೊಂಡು ಹೊರಟಳು.

ದಿಬ್ಬ ತಲುಪಿದಾಗ ಇನ್ನೂ ಬಿಸಿಲು ಬಂದಿರಲಿಲ್ಲ. ಬಿಲದ ಪಕ್ಕ ಹಿಂಡು ಹಿಕ್ಕೆ ಹಾಕುವ ಜಾಗವಿತ್ತು. ಸ್ವೆಟರನ್ನು ಅಲ್ಲಿ ಹಾಸಿ, ಮೊಣಕೈಯಿಂದ ಒತ್ತಿ ಒತ್ತಿ ಉರುಳಿಸಿದಳು. ಬಿಲದ ಬಾಯಿಯ ಮಣ್ಣು ತೆಗೆದು ತಿಕ್ಕಿದಳು. ಹೇಸಿಗೆಯಾಯಿತು. ಆದರೂ ತಲೆಯ ಮೇಲಿಂದ ಎಳೆದು ಹಾಕಿಕೊಂಡು, ಮೊಣಕಾಲು ಮೇಲೆತ್ತಿ ಕೂತಳು. ತಕ್ಕಡಿಯನ್ನು ಮೊಣಕಾಲಡಿಗೆ ಸರಿಸಿ, ಮೇಲೆ ಮೊಟ್ಟೆಯ ಚೂರು ಇಟ್ಟು, ಗುನುಗತೊಡಗಿದಳು.

ಬಿಸಿಲೇರಿದ ಮೇಲೆ ಮೀರ್‌ಕ್ಯಾಟ್‌ಗಳು ಒಂದೊಂದೇ ಎದ್ದು ಬಂದು ಹೊಟ್ಟೆ ಕಾಯಿಸುತ್ತಾ ನಿಂತವು. ಹಿಂಡಿನ ಯಜಮಾನಿ, ಕಿವಿ ಹರಿದವಳು, ಮೂಗೆತ್ತಿ ಗಾಳಿ ಮೂಸಿ, ಇನ್ನೂ ಉಳಿದಿದ್ದ ಸಾಬೂನಿನ ವಾಸನೆಗೆ ಒಂದೇ ಸಲ ಬೊಗಳಿದಳು. ಎಲ್ಲವೂ ಬಿಲ ಸೇರಿದವು.

ಡ್ರೀಕಾ ಅಲುಗಾಡಲಿಲ್ಲ. ಕಾಲು ಜೋಮು ಹಿಡಿಯಿತು. ನೊಣ ತುಟಿಯ ಮೇಲೆ ಕೂತಿತು. ಗುನುಗು ಮಾತ್ರ ನಿಲ್ಲಲಿಲ್ಲ.

ಬಹಳ ಹೊತ್ತಿನ ಮೇಲೆ ಬಿಲದ ಹಿಂದಿನ ಬಾಯಿಂದ ಹೊರಬಂದು ದೂರದಲ್ಲಿ ಹುಳು ಕೆದಕತೊಡಗಿದವು. ಹಿಂಡಿಗೆ ಕಾವಲು ನಿಲ್ಲುವ ಗಂಡು ಮೀರ್‌ಕ್ಯಾಟ್ ಎತ್ತರದ ಜಾಗ ಹುಡುಕುತ್ತಾ ಬಂದ. ಸುತ್ತ ಮರವಿಲ್ಲ, ಹುತ್ತವಿಲ್ಲ. ಅವಳ ತೊಡೆ ಹತ್ತಿದ, ಭುಜ ಹತ್ತಿದ, ಕೊನೆಗೆ ಉಗುರೂರಿ ನೆತ್ತಿಯ ಮೇಲೆ ನಿಂತ. ಖುಷಿಗೆ ಅವಳ ಕಣ್ಣು ತುಂಬಿತು, ಒರೆಸಿಕೊಳ್ಳುವ ಹಾಗಿರಲಿಲ್ಲ.

ಅಷ್ಟರಲ್ಲಿ ಸಾಹೇಬರ ಜೀಪು ಬಂತು. ನೆತ್ತಿಯ ಮೇಲಿನವನು ಬೊಗಳಿದ. ಇಡೀ ಹಿಂಡು ಬಾಲವೆತ್ತಿಕೊಂಡು ಓಡಿ ಬಂದು ಡ್ರೀಕಾಳ ಮೊಣಕಾಲಡಿ ನುಗ್ಗಿತು. ಜಾಗ ಸಾಲದೆ ಯಜಮಾನಿ ತಕ್ಕಡಿ ಹತ್ತಿದಳು. ಮೊಟ್ಟೆ ಕಂಡು ಅಲ್ಲೇ ಕೂತಳು.

ಸಾಹೇಬರು ಜೀಪಿನಿಂದಿಳಿದು ಒಂದು ಹೆಜ್ಜೆ ಇಟ್ಟರು. ಅಷ್ಟೂ ಮೂತಿಗಳು ಅವರ ಕಡೆ ತಿರುಗಿದವು. ಅವರು ಎತ್ತಿದ ಕಾಲನ್ನು ಹಿಂದಕ್ಕಿಟ್ಟು, ಪೆನ್ನು ಹಿಡಿದು ದೂರದಲ್ಲೇ ನಿಂತರು.

ಡ್ರೀಕಾ ತಲೆ ಅಲುಗಿಸದೆ ಕಣ್ಣನ್ನಷ್ಟೇ ತಕ್ಕಡಿಯ ಅಂಕಿಗೆ ಇಳಿಸಿದಳು. ಅದೇ ಗುನುಗಿನ ರಾಗದಲ್ಲಿ, ಸಾಹೇಬರಿಗೆ ಕೇಳುವಷ್ಟೇ ಮೆಲ್ಲಗೆ, ಮತ್ತೆ ಮತ್ತೆ ಹೇಳತೊಡಗಿದಳು: "ಏಳ್ನೂರ... ಹನ್ನೆರಡು... ಏಳ್ನೂರ... ಹನ್ನೆರಡು..."